ಕೂಸಿನ ಅಂಗಿಯ ಹೊಲಿಗೆ ಹೊರಗಿರಲಿ

ನನ್ನ ನಾದಿನಿಯ ಮಗುವಿಗೆ ಆಗ ಒಂದೂವರೆ ತಿಂಗಳು. ಒಂದು ರಾತ್ರಿ ಹತ್ತು ಗಂಟೆಗೆ ಅಳಲು ಶುರುಮಾಡಿದ ಮಗು ಹನ್ನೆರಡಾದರೂ ನಿಲ್ಲಿಸಲಿಲ್ಲ. ಹಾಲು ಕೊಟ್ಟರೆ ಎರಡು ಗುಟುಕು ಕುಡಿದು ಮತ್ತೆ ಅಳು. ಹೊಟ್ಟೆನೋವಿರಬೇಕು ಎಂದು ಒಬ್ಬರು, ಕಿವಿನೋವು ಎಂದು ಇನ್ನೊಬ್ಬರು, ಯಾರದೋ ಕಣ್ಣು ಬಿದ್ದಿದೆ ಎಂದು ಮತ್ತೊಬ್ಬರು ಹೇಳತೊಡಗಿದರು. ಕೊನೆಗೆ ನನ್ನ ಅತ್ತೆ, “ಮಾತು ಸಾಕು, ಮೊದಲು ಮಗುವಿನ ಮೈಮೇಲಿರುವುದನ್ನೆಲ್ಲ ಬಿಚ್ಚಿ ನೋಡಮ್ಮ” ಎಂದರು.

ಅಂಗಿ ಬಿಚ್ಚಿದೆವು, ಲಂಗೋಟಿ ಬಿಚ್ಚಿದೆವು, ಏನೂ ಕಾಣಲಿಲ್ಲ. ಎಡಗಾಲಿನ ಕಾಲುಚೀಲ ಎಳೆದಾಗ ಗೊತ್ತಾಯಿತು. ಹೆಬ್ಬೆರಳಿನ ಪಕ್ಕದ ಬೆರಳು ಊದಿಕೊಂಡು ಕಪ್ಪುಗೆಂಪಾಗಿತ್ತು. ಕಾಲುಚೀಲದ ಒಳಗೆ ಕತ್ತರಿಸದೆ ಬಿಟ್ಟಿದ್ದ ನೂಲೊಂದು ಬೆರಳಿನ ಬುಡಕ್ಕೆ ಎರಡು ಮೂರು ಸುತ್ತು ಸುತ್ತಿಕೊಂಡು ಚರ್ಮದೊಳಗೆ ಇಳಿದಿತ್ತು. ಮನೆಯಲ್ಲಿ ತೆಗೆಯಲು ಆಗಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಭೂತಗನ್ನಡಿ ಹಿಡಿದು ನೂಲನ್ನು ಕತ್ತರಿಸಿ ತೆಗೆದರು. “ಬೆಳಗ್ಗೆ ನೋಡೋಣ ಎಂದು ಬಿಟ್ಟಿದ್ದರೆ ಬೆರಳು ಉಳಿಯುತ್ತಿತ್ತೆಂದು ಹೇಳಲಾರೆ” ಎಂದರು.

ಆ ಕಾಲುಚೀಲವನ್ನು ಹೊಲಿದವಳು ನಾನೇ.

ಉಳಿದ ಫ್ಲಾನೆಲ್ ಬಟ್ಟೆಯಲ್ಲಿ, ಹೊರಗೆ ಸಣ್ಣ ಹೂವಿನ ಕಸೂತಿ ಹಾಕಿ, ಪ್ರೀತಿಯಿಂದಲೇ ಹೊಲಿದಿದ್ದೆ. ಹೊರಭಾಗ ಎಷ್ಟು ಚೆಂದವಿದೆ ಎಂದು ಹತ್ತು ಸಲ ನೋಡಿದ್ದೆ. ಒಳಭಾಗವನ್ನು ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ. ಅಲ್ಲಾಹನ ಕೃಪೆಯಿಂದ ಮಗುವಿನ ಬೆರಳು ಉಳಿಯಿತು. ನಾನು ಹೊಲಿಯುವುದನ್ನು ಬಿಡಲಿಲ್ಲ, ಹೊಲಿಯುವ ರೀತಿಯನ್ನು ಬದಲಿಸಿಕೊಂಡೆ. ಮನೆಯಲ್ಲಿ ಹೊಲಿದ ಬಟ್ಟೆಯಷ್ಟು ಹಿತವಾದದ್ದು ಕೂಸಿಗೆ ಬೇರೊಂದಿಲ್ಲ, ನೋಡುವವರ ಕಣ್ಣನ್ನು ಬಿಟ್ಟು ಕೂಸಿನ ಮೈಯನ್ನು ಯೋಚಿಸಿ ಹೊಲಿದರೆ. ಆಗಿನಿಂದ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕೂಸಿನ ಚರ್ಮದ ಸ್ವಭಾವ

ಹಸುಗೂಸಿನ ಚರ್ಮ ದೊಡ್ಡವರ ಚರ್ಮಕ್ಕಿಂತ ತೆಳು. ಒಳಗಿನ ತೇವ ಬೇಗ ಹೊರಗೆ ಹೋಗುತ್ತದೆ, ಹೊರಗಿನ ರಾಸಾಯನಿಕ ಸುಲಭವಾಗಿ ಒಳಗೆ ಇಳಿಯುತ್ತದೆ. ಮೈಯ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರವೂ ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಕೂಸು ಬೇಗ ತಣ್ಣಗಾಗುತ್ತದೆ, ಬೇಗ ಬಿಸಿಯೂ ಆಗುತ್ತದೆ. ಸೆಕೆಯಾದರೆ ಹೊದಿಕೆ ಸರಿಸಲು ಅದಕ್ಕೆ ಬಾರದು, ಚುಚ್ಚಿದರೆ ಹೇಳಲೂ ಬಾರದು. ಅಳುವುದೊಂದೇ ದಾರಿ.

ನಮ್ಮ ಕಡೆ ಮಗುವಿಗೆ ಶೀತ ಆದೀತೆಂಬ ಭಯ ಹೆಚ್ಚು. ಮೇ ತಿಂಗಳ ಸೆಕೆಯಲ್ಲೂ ಅಂಗಿ, ಅದರ ಮೇಲೆ ಸ್ವೆಟರ್, ತಲೆಗೆ ಟೋಪಿ, ಸುತ್ತಲು ಟವೆಲ್. ಬೆವರು ಹೊರಬರುವ ದಾರಿ ಮುಚ್ಚಿ ಕುತ್ತಿಗೆ, ಕಂಕುಳು, ಬೆನ್ನಿನ ಮೇಲೆ ಬೆವರುಗುಳ್ಳೆ ಏಳುತ್ತದೆ. ನಿದ್ದೆಯಲ್ಲಿ ಮೈ ಅತಿಯಾಗಿ ಬಿಸಿಯಾಗುವುದು ಶಿಶುವಿನ ಪ್ರಾಣಕ್ಕೇ ಅಪಾಯ ಎಂದು ಮಕ್ಕಳ ವೈದ್ಯರು ಎಚ್ಚರಿಸುತ್ತಾರೆ. ಅಂಗೈ ಅಂಗಾಲು ಮುಟ್ಟಿ ಚಳಿ ಅಳೆಯಬಾರದು, ಕೂಸಿನ ಕೈಕಾಲು ಸ್ವಲ್ಪ ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ ನೋಡಿ. ಅಲ್ಲಿ ಬೆಚ್ಚಗಿದ್ದರೆ ಸರಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಸೆಕೆಗಾಲದಲ್ಲಿ ನೀವು ಎಷ್ಟು ಪದರ ತೊಟ್ಟಿದ್ದೀರೋ ಅಷ್ಟೇ ಮಗುವಿಗೂ ಸಾಕು. ಚಳಿಯಿದ್ದರೆ ಒಂದು ಪದರ ಹೆಚ್ಚು.

ತಿಂಗಳು ತುಂಬದೆ ಹುಟ್ಟಿದ ಅಥವಾ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳ ಮಾತು ಬೇರೆ. ಅಂತಹ ಮಗುವನ್ನು ಲಂಗೋಟಿ, ಟೋಪಿ, ಕಾಲುಚೀಲ ಮಾತ್ರ ಹಾಕಿ ತಾಯಿಯ ಬರಿ ಎದೆಗೆ ಅಪ್ಪಿಸಿ ಇಡುವಂತೆ ಆಸ್ಪತ್ರೆಯಲ್ಲಿ ಹೇಳಿಕೊಡುತ್ತಾರೆ. ಆಗ ವೈದ್ಯರು ಹೇಳಿದಂತೆಯೇ ನಡೆಯಬೇಕು.

ಯಾವ ಬಟ್ಟೆ ಒಳ್ಳೆಯದು?

ಒಂದೇ ಮಾತಿನಲ್ಲಿ ಹೇಳುವುದಾದರೆ, ಮೆತ್ತನೆಯ ಶುದ್ಧ ಹತ್ತಿ. ಸೆಕೆಗೆ ಮಲ್ ಬಟ್ಟೆ, ವಾಯಿಲ್, ಬನಿಯನ್ ಬಟ್ಟೆ. ಮಳೆಗಾಲ ಮತ್ತು ಚಳಿಗೆ ತೆಳು ಫ್ಲಾನೆಲ್. ನೈಲಾನ್, ಪಾಲಿಯೆಸ್ಟರ್, ನೆಟ್ ಬಟ್ಟೆಗಳು ಬೆವರನ್ನು ಹೀರುವುದಿಲ್ಲ. ಅಕೀಕಾದ ದಿನ ಉಡುಗೊರೆಯಾಗಿ ಬರುವ ನೆಟ್ ಫ್ರಾಕುಗಳು ಫೋಟೋದಲ್ಲಿ ಹೂವಿನಂತೆ ಕಾಣುತ್ತವೆ. ಅದರ ಒರಟು ಅಂಚು ಕೂಸಿನ ಕುತ್ತಿಗೆಗೂ ಕಂಕುಳಿಗೂ ಉಜ್ಜಿ ಕೆಂಪು ಗೆರೆ ಎಳೆಯುತ್ತದೆ. ತೊಡಿಸಲೇಬೇಕಾದರೆ ಒಳಗೆ ಹತ್ತಿಯ ಅಂಗಿ ಹಾಕಿ, ಸ್ವಲ್ಪ ಹೊತ್ತು ತೊಡಿಸಿ ಬಿಚ್ಚಿಬಿಡಿ.

ಅಂಗಡಿಯವರು ಹತ್ತಿ ಎಂದರೂ ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆಯಿದೆ. ಬಟ್ಟೆಯ ಅಂಚಿನಿಂದ ಒಂದೆರಡು ಎಳೆ ತೆಗೆದು, ಮಕ್ಕಳಿಲ್ಲದ ಕಡೆ, ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯ ಎಳೆ ಕಾಗದದಂತೆ ಉರಿದು ಮೃದುವಾದ ಬೂದಿಯಾಗುತ್ತದೆ, ವಾಸನೆಯೂ ಕಾಗದ ಸುಟ್ಟಂತೆಯೇ. ಪಾಲಿಯೆಸ್ಟರ್ ಎಳೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ.

ಹೊಸ ಬಟ್ಟೆಯನ್ನು ಒಗೆಯದೆ ಕತ್ತರಿಸಬೇಡಿ. ಅದರಲ್ಲಿ ಗಂಜಿ, ಹೆಚ್ಚುವರಿ ಬಣ್ಣ, ಸುಕ್ಕು ಬೀಳದಿರಲು ಹಚ್ಚಿದ ಲೇಪ ಎಲ್ಲವೂ ಇರಬಹುದು. ಇಂತಹ ಲೇಪಗಳಲ್ಲಿ ಬಳಸುವ ಫಾರ್ಮಾಲ್ಡಿಹೈಡ್ ಚರ್ಮಕ್ಕೆ ತುರಿಕೆ ತರುತ್ತದೆ. ರಾತ್ರಿ ನೀರಿನಲ್ಲಿ ನೆನೆಸಿ, ಬೆಳಗ್ಗೆ ಸೌಮ್ಯವಾದ ಸಾಬೂನಿನಲ್ಲಿ ಒಗೆದು, ನೀರು ತಿಳಿಯಾಗುವವರೆಗೆ ಜಾಲಿಸಿ ಒಣಗಿಸಿ. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಕುಗ್ಗಿದ ಮೇಲೆ ಕತ್ತರಿಸಿದರೆ ಅಂಗಿ ಗಿಡ್ಡವಾಗುವ ಚಿಂತೆಯೂ ಇಲ್ಲ. ಎರಡನೆಯ ಒಗೆತದಲ್ಲೂ ಬಣ್ಣ ಬಿಡುವ ಬಟ್ಟೆ ಕೂಸಿಗೆ ಬೇಡ. ಅದು ಬಾಯಿಗೆ ಸಿಕ್ಕಿದ್ದನ್ನೆಲ್ಲ ಚೀಪುವ ವಯಸ್ಸು.

ಹುಟ್ಟಿದ ಮಗುವಿಗೆ ಹೊಸ ಬಟ್ಟೆ ತೊಡಿಸದೆ, ಅಜ್ಜನ ಹಳೆಯ ಬಿಳಿ ಮುಂಡಿನಲ್ಲೋ ಅಜ್ಜಿಯ ಹಳೆಯ ಹತ್ತಿ ಸೀರೆಯಲ್ಲೋ ಸುತ್ತುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದರಲ್ಲಿ ಅರ್ಥವಿದೆ. ನೂರಾರು ಸಲ ಒಗೆದ ಬಟ್ಟೆಯಲ್ಲಿ ಗಂಜಿ, ಬಿಡುವ ಬಣ್ಣ ಯಾವುದೂ ಉಳಿದಿರುವುದಿಲ್ಲ, ಎಳೆಗಳು ಮೆತ್ತಗಾಗಿರುತ್ತವೆ. ಮನೆಯಲ್ಲಿ ಯಾರಿಗಾದರೂ ಕಜ್ಜಿ, ಹುಳುಕಡ್ಡಿಯಂತಹ ಚರ್ಮರೋಗವಿದ್ದರೆ ಅವರು ಉಟ್ಟ ಬಟ್ಟೆಯನ್ನು ಮಾತ್ರ ಇದಕ್ಕೆ ಬಳಸಬೇಡಿ.

ಪೆಟ್ಟಿಗೆಯಿಂದ ತೆಗೆದ ಬಟ್ಟೆ

ಹಳೆಯ ಬಟ್ಟೆಯ ವಿಷಯದಲ್ಲಿ ಅನೇಕರಿಗೆ ಗೊತ್ತಿಲ್ಲದ ಒಂದು ಅಪಾಯವಿದೆ. ಮೊದಲ ಮಗುವಿನ ಅಂಗಿ, ಟೋಪಿ, ಹೊದಿಕೆಗಳನ್ನು ಮುಂದಿನ ಮಗುವಿಗೆಂದು ಟ್ರಂಕಿನಲ್ಲಿಟ್ಟು, ನುಸಿ ತಿನ್ನದಿರಲೆಂದು ಬಿಳಿಯ ನ್ಯಾಫ್ತಲೀನ್ ಉಂಡೆಗಳನ್ನು ಹಾಕುತ್ತೇವೆ. ವರ್ಷಗಳ ಬಳಿಕ ಹೊರತೆಗೆದು ಕೊಡವಿ ಹಾಗೆಯೇ ಹಸುಗೂಸಿಗೆ ತೊಡಿಸುತ್ತೇವೆ. ಬಟ್ಟೆಯಲ್ಲಿ ಉಳಿದಿರುವ ನ್ಯಾಫ್ತಲೀನ್ ಉಸಿರಿನ ಮೂಲಕವೂ ಚರ್ಮದ ಮೂಲಕವೂ ಕೂಸಿನ ಮೈ ಸೇರುತ್ತದೆ.

ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಇದು ವಂಶಪಾರಂಪರ್ಯವಾಗಿ ಬರುವಂಥದ್ದು, ಗಂಡು ಮಕ್ಕಳಲ್ಲಿ ಹೆಚ್ಚು. ಈ ಕಿಣ್ವ ಕೆಂಪು ರಕ್ತಕಣಗಳನ್ನು ಕಾಪಾಡುತ್ತದೆ. ಅದು ಕಡಿಮೆಯಿರುವ ಮಗುವಿಗೆ ನ್ಯಾಫ್ತಲೀನ್ ಸೋಕಿದರೆ ರಕ್ತಕಣಗಳು ಒಡೆದು ಕಾಮಾಲೆ ವಿಪರೀತಕ್ಕೆ ಹೋಗುತ್ತದೆ. ಹಸುಗೂಸಿನಲ್ಲಿ ಕಾಮಾಲೆ ಮಿತಿ ಮೀರಿದರೆ ಮಿದುಳಿಗೇ ಹಾನಿ. ಮಗುವಿಗೆ ಈ ಕೊರತೆ ಇದೆಯೆಂದು ರಕ್ತಪರೀಕ್ಷೆ ಮಾಡಿಸದ ಹೊರತು ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ಮಗುವಿನ ಬಟ್ಟೆಯೊಂದಿಗೆ ನ್ಯಾಫ್ತಲೀನ್ ಉಂಡೆ ಇಡಲೇಬೇಡಿ. ಚೆನ್ನಾಗಿ ಒಣಗಿಸಿ, ಒಣ ಬೇವಿನ ಎಲೆ ಇಟ್ಟು, ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿದರೆ ಸಾಕು. ಈಗಾಗಲೇ ಉಂಡೆ ಹಾಕಿಟ್ಟ ಬಟ್ಟೆಯನ್ನು ಕೂಸಿಗೆ ಬಳಸದಿರುವುದೇ ಲೇಸು. ಮೈ, ಕಣ್ಣು ಹಳದಿಯಾಗಿ, ಮಗು ಮಂಕಾಗಿ ಹಾಲು ಕುಡಿಯದಿದ್ದರೆ, ಮೂತ್ರದ ಬಣ್ಣ ಗಾಢವಾಗಿದ್ದರೆ ಬಿಸಿಲಿಗೆ ಹಿಡಿದು ಕಾಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಅರ್ಧ ಮೀಟರಿನಲ್ಲಿ ಒಂದು ಜಬಲಾ

ಹಸುಗೂಸಿನ ತಲೆ ಎದೆಗಿಂತ ದೊಡ್ಡದು, ಕತ್ತು ಇನ್ನೂ ನಿಂತಿರುವುದಿಲ್ಲ. ಹಾಗಾಗಿ ತಲೆಯ ಮೂಲಕ ಎಳೆದು ತೊಡಿಸುವ ಅಂಗಿ ಬೇಡ. ಮುಂದೆ ಪೂರ್ತಿ ತೆರೆಯುವ ಜಬಲಾ ಒಳ್ಳೆಯದು. ಬಿಡಿಸಿ ಹಾಸಿ, ಮಗುವನ್ನು ಅದರ ಮೇಲೆ ಮಲಗಿಸಿ, ತೋಳು ಸೇರಿಸಿ ಕಟ್ಟಿದರೆ ಮುಗಿಯಿತು. 36 ಇಂಚು ಪನ್ನದ ಬಟ್ಟೆ ಅರ್ಧ ಮೀಟರ್ ಸಾಕು. ಈ ಅಳತೆ ಸುಮಾರು ಮೊದಲ ಮೂರು ತಿಂಗಳಿಗೆ ಆಗುತ್ತದೆ.

ಒಗೆದು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ 24 ಇಂಚು ಉದ್ದ, 18 ಇಂಚು ಅಗಲದ ತುಂಡು ಕತ್ತರಿಸಿ. ಉದ್ದವನ್ನು ಅರ್ಧಕ್ಕೆ ಮಡಚಿ. ಈ ಮಡಿಕೆ ಹೆಗಲಿನ ಭಾಗ, ಅಲ್ಲಿ ಹೊಲಿಗೆಯೇ ಬರುವುದಿಲ್ಲ. ಈಗ ಅಗಲವನ್ನೂ ಅರ್ಧಕ್ಕೆ ಮಡಚಿ. ನಿಮ್ಮ ಮುಂದೆ 9 ಇಂಚು ಅಗಲ, 12 ಇಂಚು ಉದ್ದದ ನಾಲ್ಕು ಪದರ ಇರುತ್ತದೆ.

ಕುತ್ತಿಗೆಗೆ: ಎರಡು ಮಡಿಕೆಗಳು ಸೇರುವ ಮೂಲೆಯಿಂದ ಹೆಗಲಿನ ಉದ್ದಕ್ಕೆ ಎರಡೂಕಾಲು ಇಂಚು ಗುರುತು ಹಾಕಿ. ಹಿಂಭಾಗಕ್ಕೆ ಅರ್ಧ ಇಂಚು, ಮುಂಭಾಗಕ್ಕೆ ಎರಡು ಇಂಚು ಇಳಿಸಿ ಕಮಾನಿನಂತೆ ಕತ್ತರಿಸಿ. ತೋಳಿಗೆ: ಮೇಲಿನ ಮಡಿಕೆಯಿಂದ ಕೆಳಕ್ಕೆ 4 ಇಂಚು, ನಡುವಿನ ಮಡಿಕೆಯಿಂದ ಹೊರಕ್ಕೆ 6 ಇಂಚು ಗುರುತು ಮಾಡಿ. ಕೆಳಗಿನ ಹೊರಮೂಲೆಯಲ್ಲಿ ಉಳಿಯುವ 3 ಇಂಚು ಅಗಲ, 8 ಇಂಚು ಉದ್ದದ ತುಂಡನ್ನು ತೆಗೆಯಿರಿ. ಕಂಕುಳಿನ ಮೂಲೆಯನ್ನು ಚೂಪಾಗಿ ಬಿಡದೆ ಬಳುಕಿಸಿ ಕತ್ತರಿಸಿ. ಕೊನೆಗೆ ಬಟ್ಟೆ ಬಿಡಿಸಿ, ಮುಂಭಾಗದ ಪದರವನ್ನು ಮಾತ್ರ ನಡುವಿನಲ್ಲಿ ಕುತ್ತಿಗೆಯಿಂದ ಕೆಳಗಿನವರೆಗೆ ಸೀಳಿ.

ಇನ್ನು ಹೊಲಿಗೆ. ನಮ್ಮ ಬಟ್ಟೆಗಳನ್ನು ಹೊಲಿಯುವಾಗ ನಯವಾದ ಬದಿಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದು ಮಗುಚುತ್ತೇವೆ, ಹೊಲಿಗೆಯ ಗೀರು ಒಳಗೆ ಉಳಿಯುತ್ತದೆ. ಕೂಸಿನ ಜಬಲಾಕ್ಕೆ ಇದನ್ನು ತಿರುವು ಮಾಡಿ. ಒಳಬದಿಗಳನ್ನು ಒಂದಕ್ಕೊಂದು ಸೇರಿಸಿ, ತೋಳಿನ ಕೆಳಗಿನಿಂದ ಮಗ್ಗುಲಿನವರೆಗೆ ಅರ್ಧ ಇಂಚು ಬಿಟ್ಟು ಹೊಲಿಯಿರಿ. ಗೀರು ಹೊರಗೆ ಬರುತ್ತದೆ. ಅದನ್ನು ಮಡಚಿ ಅದರ ಮೇಲೆಯೇ ಇನ್ನೊಂದು ಹೊಲಿಗೆ ಹಾಕಿದರೆ ಎಳೆಯೂ ಬಿಡುವುದಿಲ್ಲ, ಒಳಗೆ ಮೈಗೆ ತಾಗುವ ಭಾಗ ನಯವಾಗಿರುತ್ತದೆ. ಕುತ್ತಿಗೆ ಮತ್ತು ಮುಂಭಾಗದ ಅಂಚಿಗೆ ಉಳಿದ ಬಟ್ಟೆಯಲ್ಲೇ ಒಂದು ಇಂಚಿನ ಕ್ರಾಸ್ ಪಟ್ಟಿ ಕತ್ತರಿಸಿ ಹಚ್ಚಿ. ತೋಳು ಮತ್ತು ಕೆಳಗಿನ ಅಂಚನ್ನು ಹೊರಕ್ಕೆ ಮಡಚಿ ಹೊಲಿಯಿರಿ. ಮಲ್ ಬಟ್ಟೆಗೆ 11ನೇ ನಂಬರಿನ ಸೂಜಿ, ಹತ್ತಿಯ ನೂಲು ಸಾಕು. ನೈಲಾನ್ ನೂಲಿನ ತುದಿ ಚುಚ್ಚುತ್ತದೆ.

ಕಟ್ಟಲು ಅದೇ ಬಟ್ಟೆಯ ಅರ್ಧ ಇಂಚು ಅಗಲ, 4 ಇಂಚು ಉದ್ದದ ಚಪ್ಪಟೆ ಪಟ್ಟಿಗಳು ನಾಲ್ಕು ಬೇಕು. ಒಂದು ಜೊತೆ ಎದೆಯ ಮಟ್ಟಕ್ಕೆ, ಇನ್ನೊಂದು ಹೊಟ್ಟೆಯ ಮಟ್ಟಕ್ಕೆ. ಒಂದು ಬದಿಯ ಅಂಚು ಇನ್ನೊಂದರ ಮೇಲೆ ಒಂದು ಇಂಚಿನಷ್ಟು ಬರುವಂತೆ ಕಟ್ಟಿ. ಕುತ್ತಿಗೆಯ ಬಳಿ ಪಟ್ಟಿ ಬೇಡ. ತೊಡಿಸಿದ ಮೇಲೆ ಕುತ್ತಿಗೆಯ ಒಳಗೆ ನಿಮ್ಮ ಒಂದು ಬೆರಳು ಸಲೀಸಾಗಿ ಆಡಬೇಕು.

ಗುಂಡಿ, ಲಾಡಿ, ಪಿನ್ನು

ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುತ್ತದೆ. ಆಟಿಕೆಗಳಲ್ಲಿ ಉಸಿರುಕಟ್ಟಿಸುವಂಥ ಸಣ್ಣ ಭಾಗಗಳಿವೆಯೇ ಎಂದು ಪರೀಕ್ಷಿಸಲು ಸುಮಾರು 32 ಮಿಲಿಮೀಟರ್ ವ್ಯಾಸದ ಒಂದು ಪುಟ್ಟ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಅಪಾಯಕಾರಿ ಎಂದು ಲೆಕ್ಕ. ಅಂಗಿಯ ಗುಂಡಿ, ಮಣಿ, ಚಮಕಿ, ಗೆಜ್ಜೆ ಎಲ್ಲವೂ ಅದರೊಳಗೆ ಇಳಿಯುತ್ತವೆ. ಕೂಸಿನ ಬಟ್ಟೆಗೆ ಇವು ಯಾವುವೂ ಬೇಡ. ಅಲಂಕಾರ ಬೇಕೆಂದರೆ ಹೊರಬದಿಯಲ್ಲಿ ನೂಲಿನ ಕಸೂತಿ ಹಾಕಿ, ಅದರ ಒಳಬದಿಗೆ ಮಲ್ ಬಟ್ಟೆಯ ತೇಪೆ ಹಚ್ಚಿ.

ನಡೆಯುವ ಮಗುವಿನ ಅಂಗಿಗೆ ಗುಂಡಿ ಹಾಕುವಾಗ ಬಟ್ಟೆ ಒಂದೇ ಪದರವಿದ್ದರೆ ಹಿಂದೆ ಸಣ್ಣ ತುಂಡು ಕೊಟ್ಟು, ಜೋಡಿ ನೂಲಿನಲ್ಲಿ ಪ್ರತಿ ತೂತಿಗೂ ನಾಲ್ಕೈದು ಸಲ ಹೊಲಿದು ಗಂಟು ಹಾಕಿ. ಒಗೆದ ಪ್ರತಿ ಸಲವೂ ಎಳೆದು ನೋಡಿ. ಸಡಿಲವಾದದ್ದನ್ನು ಅಂದೇ ಬಿಗಿಮಾಡಿ ಅಥವಾ ಕಿತ್ತು ತೆಗೆಯಿರಿ.

ಕುತ್ತಿಗೆಯ ಸುತ್ತ ಲಾಡಿ ಇನ್ನೂ ಅಪಾಯ. ಮಕ್ಕಳ ಉಡುಪಿನ ಟೋಪಿ ಮತ್ತು ಕುತ್ತಿಗೆಯಲ್ಲಿ ಎಳೆದು ಕಟ್ಟುವ ಲಾಡಿ ಬೇಡವೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಜಾರುಬಂಡಿಯಂಥ ಕಡೆ ಲಾಡಿ ಸಿಕ್ಕಿ ಮಕ್ಕಳ ಕುತ್ತಿಗೆ ಬಿಗಿದ ಘಟನೆಗಳೇ ಅದಕ್ಕೆ ಕಾರಣ. ತೊಟ್ಟಿಲಿನಲ್ಲಿ ಮಲಗಿದ ಕೂಸಿಗೂ ಇದೇ ಮಾತು ಅನ್ವಯಿಸುತ್ತದೆ. ಕುತ್ತಿಗೆಯಲ್ಲಿ ದಾರ, ಸರ, ಗದ್ದದ ಕೆಳಗೆ ಕಟ್ಟಿದ ಟೋಪಿಯ ಲಾಡಿ, ಜೊಲ್ಲು ಒರೆಸುವ ಬಿಬ್ಬು ಯಾವುದನ್ನೂ ಬಿಟ್ಟು ಮಲಗಿಸಬೇಡಿ. ಬಿಬ್ಬು ಹೊಲಿಯುವುದಾದರೆ ಲಾಡಿಯ ಬದಲು ಎಳೆದರೆ ಬಿಚ್ಚಿಕೊಳ್ಳುವ ವೆಲ್ಕ್ರೋ ಹಚ್ಚಿ, ಅದರ ಒರಟು ಭಾಗ ಹೊರಮುಖವಾಗಿರಲಿ.

ಹೊಲಿಗೆಗೆ ಕೂರುವ ಮೊದಲು ಪಿನ್ನುಗಳನ್ನು, ಸೂಜಿಗಳನ್ನು ಎಣಿಸಿ. ಏಳುವಾಗ ಮತ್ತೆ ಎಣಿಸಿ. ಒಂದು ಕಡಿಮೆಯಾದರೂ ಸಿಗುವವರೆಗೆ ಮಗುವನ್ನು ಆ ಕೋಣೆಯ ನೆಲಕ್ಕೆ ಬಿಡಬೇಡಿ. ಲಂಗೋಟಿಗೆ ಪಿನ್ನು ಚುಚ್ಚುವ ರೂಢಿಯನ್ನೂ ಬಿಡುವುದು ಒಳ್ಳೆಯದು.

ಟೋಪಿ, ಕೈಗವಸು, ಕಾಲುಚೀಲ

ಏಳನೆಯ ದಿನ ಕೂದಲು ತೆಗೆದ ಮೇಲೆ ಕೂಸಿನ ತಲೆಗೆ ಟೋಪಿ ಬೇಕೆನಿಸುತ್ತದೆ. ಹತ್ತಿಯ ಒಂದು ಪದರದ ಟೋಪಿ ಸಾಕು. ಸ್ನಾನದ ನಂತರ, ಹೊರಗೆ ಕರೆದೊಯ್ಯುವಾಗ ಹಾಕಿ. ಆರೋಗ್ಯವಂತ ಮಗುವನ್ನು ಮನೆಯೊಳಗೆ ಮಲಗಿಸುವಾಗ ತೆಗೆಯಿರಿ. ತಲೆ ಮುಚ್ಚಿದರೆ ಹೆಚ್ಚಿನ ಶಾಖ ಹೊರಹೋಗುವ ದಾರಿ ಮುಚ್ಚುತ್ತದೆ, ಟೋಪಿ ಜಾರಿ ಮೂಗನ್ನೂ ಮುಚ್ಚಬಹುದು.

ಟೋಪಿ ಹೊಲಿಯಲು ಅಳತೆ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಮಾನದಂಡದಲ್ಲಿ ಗಂಡು ಮಗುವಿನ ತಲೆಯ ಸುತ್ತಳತೆಯ ಮಧ್ಯಮ ಅಳತೆ ಹುಟ್ಟಿದಾಗ 34.5 ಸೆಂಟಿಮೀಟರ್, 6 ತಿಂಗಳಿಗೆ 43.3, ಒಂದು ವರ್ಷಕ್ಕೆ 46.1. ಹೆಣ್ಣು ಮಗುವಿನದು ಕ್ರಮವಾಗಿ 33.9, 42.2, 44.9. ಅಂದರೆ ಮೊದಲ ಆರು ತಿಂಗಳಲ್ಲಿ ಬೆಳೆಯುವಷ್ಟು ವೇಗವಾಗಿ ತಲೆ ಮುಂದೆ ಬೆಳೆಯುವುದಿಲ್ಲ. ಹೆರಿಗೆಗೆ ಮೊದಲು ಹೊಲಿದಿಟ್ಟ ಟೋಪಿಯನ್ನು ಮೂರನೆಯ ತಿಂಗಳಲ್ಲಿ ಬಲವಂತವಾಗಿ ಹಾಕಬೇಡಿ. ಹಣೆಯ ಮೇಲೆ ಗೆರೆ ಮೂಡಿದರೆ ಅದು ಬಿಗಿಯಾಗಿದೆ ಎಂದೇ ಅರ್ಥ.

ಉಗುರು ಪರಚುತ್ತದೆ ಎಂದು ಕೈಗವಸು ಹಾಕುವವರು ಬಹಳ. ಕೂಸು ಕೈಯನ್ನು ಬಾಯಿಗೆ ಒಯ್ಯುವುದು ಹಸಿವಿನ ಮೊದಲ ಸೂಚನೆಗಳಲ್ಲಿ ಒಂದು. ಕೈಯನ್ನು ಸದಾ ಮುಚ್ಚಿಟ್ಟರೆ ಆ ಸೂಚನೆ ನಮಗೆ ತಪ್ಪುತ್ತದೆ. ಮಗು ಮಲಗಿದ್ದಾಗ ಉಗುರು ಕತ್ತರಿಸಿ, ಕೈಗವಸಿನ ಅಗತ್ಯವೇ ಇರುವುದಿಲ್ಲ.

ಕಾಲುಚೀಲವನ್ನು ಚಳಿಗೆ ಹೊಲಿಯುವುದಾದರೆ ನನ್ನ ತಪ್ಪನ್ನು ನೆನಪಿಡಿ. ಹೊಲಿಗೆ ಹೊರಗಿರಲಿ, ಒಳಗೆ ಒಂದೂ ನೂಲು ಜೋತಾಡದಿರಲಿ, ಕಣಕಾಲಿಗೆ ಬಿಗಿ ಎಲಾಸ್ಟಿಕ್ ಬೇಡ. ನೂಲು ಮಾತ್ರವಲ್ಲ, ತಾಯಿಯ ತಲೆಗೂದಲೂ ಹೀಗೆಯೇ ಬೆರಳಿಗೆ ಸುತ್ತಿಕೊಳ್ಳಬಲ್ಲದು. ಹೆರಿಗೆಯಾದ ಕೆಲವು ತಿಂಗಳಿಗೆ ಕೂದಲು ಉದುರುವುದು ಹೆಚ್ಚು. ದಿನಕ್ಕೊಮ್ಮೆ ಸ್ನಾನದ ಹೊತ್ತಿಗೆ ಕೈಕಾಲಿನ ಹತ್ತೂ ಹತ್ತು ಬೆರಳು ನೋಡಿ. ಗಂಡುಮಗುವಿನ ಶಿಶ್ನವನ್ನೂ ನೋಡಬೇಕು, ಅಲ್ಲಿಯೂ ಕೂದಲು ಸುತ್ತಿಕೊಳ್ಳುವುದುಂಟು. ಬೆರಳು ಊದಿ ಬಣ್ಣ ಬದಲಾಗಿದ್ದರೆ, ನೂಲು ಕಾಣದಿದ್ದರೂ ತಡಮಾಡದೆ ವೈದ್ಯರ ಬಳಿ ಹೋಗಿ.

ಲಂಗೋಟಿ ಮತ್ತು ಒಗೆತ

ಹಳೆಯ ಹತ್ತಿ ಲುಂಗಿ, ಮುಂಡು, ಸೀರೆಗಳಲ್ಲಿ 24 ಇಂಚಿನ ಚೌಕ ಕತ್ತರಿಸಿ ಅಂಚು ಹೊಲಿದರೆ ತ್ರಿಕೋನವಾಗಿ ಮಡಚಿ ಕಟ್ಟುವ ಲಂಗೋಟಿ ಸಿದ್ಧ. ಬಟ್ಟೆಯ ಲಂಗೋಟಿಯಿಂದ ಒಂದು ದೊಡ್ಡ ಉಪಕಾರವಿದೆ. ಮೊದಲ ವಾರ ಕಳೆದ ಮೇಲೆ ಎದೆಹಾಲು ಸಾಕಾಗುತ್ತಿರುವ ಮಗು ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಮೂತ್ರ ಮಾಡುತ್ತದೆ. ಒದ್ದೆಯಾದ ಲಂಗೋಟಿ ಎಣಿಸಿದರೆ, “ಹಾಲು ಸಾಲುತ್ತಿಲ್ಲ” ಎಂಬ ಮನೆಯವರ ಅನುಮಾನಕ್ಕೆ ಉತ್ತರ ಸಿಗುತ್ತದೆ.

ಒದ್ದೆಯಾದ ಕೂಡಲೇ ಬದಲಿಸಿ. ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿದರೆ ತೇವ ಅಲ್ಲೇ ನಿಂತು ತೊಡೆಸಂದು ಕೆಂಪಾಗಿ ಹುಣ್ಣಾಗುತ್ತದೆ. ನಮಾಝಿನ ಬಟ್ಟೆಗೆ ಮೂತ್ರ ತಾಗುವ ಚಿಂತೆಯಿಂದ ತಾಯಂದಿರು ಇಡೀ ದಿನ ಡೈಪರ್ ಕಟ್ಟಿಡುತ್ತಾರೆ. ಅದರ ಬದಲು ನಾಲ್ಕೈದು ಪದರದ ಹತ್ತಿಯ ಮಡಿಲು ಬಟ್ಟೆಯೊಂದನ್ನು ಹೊಲಿದಿಟ್ಟುಕೊಂಡು ಮಗುವನ್ನು ಎತ್ತಿಕೊಳ್ಳುವಾಗ ಹಾಸಿಕೊಳ್ಳಬಹುದು, ನಮಾಝಿಗೆ ಒಂದು ಜೊತೆ ಬಟ್ಟೆಯನ್ನು ಬೇರೆಯಾಗಿ ಇಡಬಹುದು. ಮಗುವಿನ ಚರ್ಮಕ್ಕೆ ಗಾಳಿಯೂ ಸಿಗುತ್ತದೆ.

ಮಲವಾದ ಲಂಗೋಟಿಯನ್ನು ಮೊದಲು ತಣ್ಣೀರಿನಲ್ಲಿ ಕೆರೆದು ತೊಳೆದು, ಆಮೇಲೆ ಬಿಸಿನೀರು ಸಾಬೂನಿನಲ್ಲಿ ಒಗೆಯಿರಿ. ಸಾಬೂನು ಪೂರ್ತಿ ಹೋಗುವಂತೆ ಜಾಲಿಸುವುದು ಎಲ್ಲಕ್ಕಿಂತ ಮುಖ್ಯ. ಸುವಾಸನೆಯ ದ್ರವ, ಕ್ರಿಮಿನಾಶಕ ದ್ರಾವಣ ಬೇಡ, ಅವುಗಳ ಅಂಶ ಬಟ್ಟೆಯಲ್ಲಿ ಉಳಿದು ಚರ್ಮವನ್ನು ಕೆರಳಿಸುತ್ತದೆ. ಬಿಸಿಲಿಗಿಂತ ಒಳ್ಳೆಯ ಒಣಗಿಸುವ ವಿಧಾನವಿಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಮುಟ್ಟಿದರೆ ಒಣಗಿದಂತೆ ಅನಿಸಿದರೂ ಹೊಲಿಗೆಯ ಬಳಿ ತೇವ ಉಳಿದಿರುತ್ತದೆ. ಎರಡೂ ಬದಿ ಬಿಸಿ ಇಸ್ತ್ರಿ ಹಾಕಿ, ಆರಿದ ಮೇಲೆ ತೊಡಿಸಿ. ತೇವದ ಬಟ್ಟೆಯಲ್ಲಿ ಶಿಲೀಂಧ್ರದ ಸೋಂಕು ಸುಲಭ.

ಸುತ್ತುಬಟ್ಟೆ, ಕೌದಿ, ದಿಂಬು

ಮಗುವನ್ನು ಬಟ್ಟೆಯಲ್ಲಿ ಸುತ್ತುವಾಗ ಕಾಲುಗಳನ್ನು ನೇರವಾಗಿ ಎಳೆದು ಬಿಗಿಯಬಾರದು. ಸೊಂಟದ ಕೀಲು ಇನ್ನೂ ಬಲಿಯುತ್ತಿರುತ್ತದೆ, ಬಿಗಿದರೆ ಕೀಲು ತಪ್ಪುವ ಅಪಾಯವಿದೆ. ಕಪ್ಪೆಯಂತೆ ಕಾಲು ಮಡಚಿ ಅಗಲಿಸಲು ಜಾಗವಿರಲಿ. ಮಗು ಮಗುಚಲು ಪ್ರಯತ್ನಿಸುವ ಲಕ್ಷಣ ಕಂಡ ದಿನದಿಂದ ಸುತ್ತುವುದನ್ನು ನಿಲ್ಲಿಸಿ.

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಬಟ್ಟೆಯ ಕೌದಿ ಹೊಲಿಯುತ್ತಾರೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಹಿಳೆಯರು, ಅವರಲ್ಲಿ ಮುಸ್ಲಿಮರೂ ಇದ್ದಾರೆ, ಬಣ್ಣಬಣ್ಣದ ತುಂಡುಗಳನ್ನು ಅಂಚಿನಿಂದ ನಡುವಿನ ಕಡೆಗೆ ಕೈಹೊಲಿಗೆಯಲ್ಲಿ ಕೂಡಿಸುತ್ತಾ ಹೋಗಿ, ನಾಲ್ಕು ಮೂಲೆಗೂ ಬಟ್ಟೆಯ ಹೂವು ಇಡುತ್ತಾರೆ. ಮಗುವಿಗೆಂದು ಪುಟ್ಟ ಕೌದಿಯನ್ನೂ ಹೊಲಿಯುವುದುಂಟು. ಇಂಥದ್ದನ್ನು ನೆಲಕ್ಕೆ ಹಾಸಿ ಮಗುವನ್ನು ಆಡಲು ಬಿಡುವುದು ಬಹಳ ಒಳ್ಳೆಯದು. ಒಂದು ವರ್ಷದೊಳಗಿನ ಮಗುವಿನ ಮೇಲೆ ಹೊದಿಸಿ ಮಲಗಿಸಬೇಡಿ. ಭಾರದ ಹೊದಿಕೆ ಮುಖದ ಮೇಲೆ ಬಂದರೆ ಸರಿಸುವ ಶಕ್ತಿ ಅದಕ್ಕಿಲ್ಲ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬೂ ಬೇಡ. ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸುವುದು ಕ್ಷೇಮ.

ನಡೆಯಲು ಕಲಿತ ಮೇಲೆ

ನಡೆಯುವ ಮಗುವಿನ ಪಾಯಜಾಮ ಕಣಕಾಲಿಗಿಂತ ಮೇಲಿರಲಿ, ಕಾಲಿಗೆ ಸಿಕ್ಕಿದರೆ ಬೀಳುತ್ತದೆ. ಸೊಂಟದ ಎಲಾಸ್ಟಿಕ್ ಬಿಚ್ಚಿದಾಗ ಕೆಂಪು ಗೆರೆ ಉಳಿಯಬಾರದು. ಈದಿನ ಶೇರ್ವಾನಿ, ಲಂಗಗಳಿಗೆ ಝರಿ ಇದ್ದರೆ ಒಳಗೆ ಪೂರ್ತಿ ಮಲ್ ಬಟ್ಟೆಯ ಅಸ್ತರಿ ಕೊಡಿ. ಪುಟ್ಟ ಹೆಣ್ಣುಮಕ್ಕಳಿಗೆ ಪಿನ್ನು ಚುಚ್ಚಿ ಸ್ಕಾರ್ಫ್ ಸುತ್ತಬೇಡಿ. ಮುಖದ ಸುತ್ತ ಹಿಗ್ಗುವ ಬನಿಯನ್ ಬಟ್ಟೆಯಲ್ಲಿ ತಲೆಯಿಂದ ಇಳಿಸುವ ಮಕ್ಕನಾ ಹೊಲಿದರೆ ಪಿನ್ನಿನ ಅಗತ್ಯವೇ ಇಲ್ಲ. ಜಾರುಬಂಡಿ, ಉಯ್ಯಾಲೆಯ ಬಳಿ ಅದನ್ನೂ ತೆಗೆದು ಬಿಡಿ. ಬೈಕಿನಲ್ಲಿ ಕೂರಿಸುವಾಗ ಮಗುವಿನದಾಗಲಿ ತಾಯಿಯದಾಗಲಿ ಬಟ್ಟೆಯ ತುದಿ ಚಕ್ರದ ಕಡೆ ಜೋತಾಡದಂತೆ ನೋಡಿಕೊಳ್ಳಿ.

ಕೊನೆಯ ಕೆಲಸ

ಹೊಲಿಗೆ ಮುಗಿದ ಮೇಲೆ ಕೂಸಿನ ಬಟ್ಟೆಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಒಳಬದಿಯನ್ನು ಹೊರಗೆ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಜೋತಾಡುವ ಪ್ರತಿ ನೂಲನ್ನೂ ಬುಡಕ್ಕೆ ಕತ್ತರಿಸಿ. ಹೊಲಿಗೆಯ ಮೇಲೆ ನಿಮ್ಮ ಕೆನ್ನೆ ಅಥವಾ ಕತ್ತಿನ ಬದಿ ಉಜ್ಜಿ ನೋಡಿ. ಕೆಲಸ ಮಾಡಿದ ನಮ್ಮ ಬೆರಳಿಗೆ ತಿಳಿಯದ ಒರಟು ಕೆನ್ನೆಗೆ ತಿಳಿಯುತ್ತದೆ. ಲಾಡಿ, ಗುಂಡಿ ಎಳೆದು ನೋಡಿ. ಆಮೇಲೆ ಒಗೆದು, ಒಣಗಿಸಿ, ಮಡಚಿಡಿ.

ಬಾಣಂತಿಯನ್ನು ನೋಡಲು ಹೋಗುವಾಗ ಏನು ಒಯ್ಯಲಿ ಎಂದು ಈಗ ನಾನು ಯೋಚಿಸುವುದಿಲ್ಲ. ಹೀಗೆ ಹೊಲಿದು ಒಗೆದ ಆರು ಜಬಲಾ, ಒಂದು ಡಜನ್ ಲಂಗೋಟಿ ಕಟ್ಟಿಕೊಂಡು ಹೋಗುತ್ತೇನೆ. ನೋಡಲು ಬಂದವರು ಫ್ರಾಕುಗಳನ್ನು ಹೊಗಳುತ್ತಾರೆ, ಜಬಲಾ ನೋಡಿ, “ಇದೇನು, ಹೊಲಿಗೆ ಹೊರಗೇ ಇದೆಯಲ್ಲ, ತಿರುಗಿಸಲು ಮರೆತಿರಾ?” ಎಂದು ಕೇಳುತ್ತಾರೆ. ಮರೆತಿಲ್ಲ ಎನ್ನುತ್ತೇನೆ. ಆ ಮಗುವಿಗೆ ಈಗ ನಾಲ್ಕು ವರ್ಷ. ಮೊನ್ನೆ ಹೊಸ ಚಪ್ಪಲಿ ತೋರಿಸಲು ನನ್ನ ಮುಂದೆ ಕಾಲು ಚಾಚಿತು. ನಾನು ಮೊದಲು ಎಣಿಸಿದ್ದು ಬೆರಳುಗಳನ್ನು.